ಮಾಲೀಕನೇ ಬರಬೇಕು

ತಾಕ್ ಗೀಬೊಂಗ್‌ನ ಎದೆಯಲ್ಲಿ ಕರುಣೆ ಎಂಬುದು ಇರಲಿಲ್ಲ. ಹೂಪೊ ಬಂದರಿನ ಮೀನುಕಟ್ಟೆಯಿಂದ ಹಿಡಿದು ಪಟ್ಟಣ ಕಚೇರಿಯ ಮೆಟ್ಟಿಲವರೆಗೆ ಎಲ್ಲರೂ ಒಪ್ಪಿದ್ದ ಮಾತು ಅದು. ಊರು ಒಪ್ಪಿದ ಮಾತುಗಳಲ್ಲಿ ನಿಜವಾದವು ಕಡಿಮೆ. ಇದು ಆ ಕೆಲವುಗಳಲ್ಲೊಂದು. ಅವನು ಮನುಷ್ಯರನ್ನು ಕಂಡರೆ ಹೇಸುತ್ತಿದ್ದ. ಎಪ್ಪತ್ತೊಂದು ವರ್ಷದ ಬಾಳಿನಲ್ಲಿ ‘ನನ್ನದು ತಪ್ಪಾಯಿತು’ ಎಂದು ಅವನ ಬಾಯಿಂದ ಕೇಳಿದವರಿರಲಿಲ್ಲ. ನಲವತ್ತು ವರ್ಷ ಜೊತೆಗಿದ್ದ ಹೆಂಡತಿಯೂ ಕೇಳದೆಯೇ ಸತ್ತಳು.

ಅವನ ಕಸುಬು ಮೊಹರು ಕೆತ್ತುವುದು. ಅವನ ಅಪ್ಪನದೂ ಅದೇ. ಕಚೇರಿಯ ಎದುರು, ಬಾಂಗ್ ಅಕ್ಕನ ಶಾವಿಗೆ ಅಂಗಡಿಗೆ ಅಂಟಿಕೊಂಡಂತೆ ಅವನ ಅಂಗಡಿ. ಒಬ್ಬ ಕೂತರೆ ಇನ್ನೊಬ್ಬ ನಿಲ್ಲಬೇಕು, ಅಷ್ಟೇ ಜಾಗ. ಹೆಸರು ಕೆತ್ತಿದ ಮೊಹರಿಲ್ಲದೆ ಒಂದು ಕಾಲಕ್ಕೆ ಆ ಊರಿನಲ್ಲಿ ಮನೆ ಕೊಳ್ಳುವಂತಿರಲಿಲ್ಲ, ದೋಣಿ ಮಾರುವಂತಿರಲಿಲ್ಲ, ಬ್ಯಾಂಕಿನಲ್ಲಿ ನಿನ್ನ ದುಡ್ಡನ್ನು ನೀನೇ ಕೇಳುವಂತಿರಲಿಲ್ಲ. ಬಡವರಿಗೆ ಸಾದಾ ಮರ, ಸಿರಿವಂತರಿಗೆ ಕೋಡು, ಅದೃಷ್ಟ ನಂಬುವವರಿಗೆ ಸಿಡಿಲು ಹೊಡೆದ ಎಲಚಿ ಮರ. ಬೇರೆ ಊರಿನ ಕೆತ್ತನೆಗಾರರು ಮಾಮೂಲಿ ಎಲಚಿಗೆ ಕರೆಂಟು ಹರಿಸಿ ಸುಟ್ಟು ‘ಸಿಡಿಲು’ ಎಂದು ಮಾರುತ್ತಿದ್ದರು. ತಾಕ್ ಮಾರಲಿಲ್ಲ. ಅದು ಗಿರಾಕಿಗಳ ಮೇಲಿನ ಪ್ರೀತಿಯಿಂದಲ್ಲ; ಆ ಕೆತ್ತನೆಗಾರರ ಮೇಲಿನ ಹೇಸಿಗೆಯಿಂದ.

ಕೆತ್ತಿದ ಪ್ರತಿ ಮೊಹರಿನ ಮೊದಲ ಅಚ್ಚು ಬೀಳುತ್ತಿದ್ದದ್ದು ಅಂಗಡಿಯ ಅಚ್ಚುಪುಸ್ತಕದಲ್ಲಿ. ಪಕ್ಕದಲ್ಲಿ ಹೆಸರು, ತಾರೀಖು. ಮಾಲೀಕ ಸತ್ತ ಸುದ್ದಿ ಬಂದ ದಿನವೇ ಆ ಅಚ್ಚಿನ ಮೇಲೆ ಅಡ್ಡಲಾಗಿ ಒಂದು ಕೆಂಪು ಗೆರೆ. ಇದು ಅಪ್ಪ ಮಾಡಿದ ನಿಯಮ. ಹೆಣದ ಮೇಲೆ ಮಣ್ಣು ಬೀಳುವ ಮೊದಲೇ ‘ಅಪ್ಪನ ಮೊಹರು ಎಲ್ಲೋ ಕಳೆದುಹೋಯ್ತು, ಅಂಥದ್ದೇ ಇನ್ನೊಂದು ಕೆತ್ತಿಕೊಡಿ’ ಎಂದು ಮಗ ಓಡಿಬರುತ್ತಾನೆ. ಸಂಜೆಗೆ ಎರಡನೆಯ ಮಗ. ಅಂಥವರ ಮುಂದೆ ಪುಸ್ತಕ ಬಿಚ್ಚಿ ಕೆಂಪು ಗೆರೆ ತೋರಿಸಿದರೆ ಮುಗಿಯಿತು.

ಇನ್ನೊಂದು ಪದ್ಧತಿಯನ್ನೂ ಹೇಳಬೇಕು. ಕಚೇರಿಯ ಗುಮಾಸ್ತ ದಫ್ತರದಲ್ಲಿ ತಪ್ಪು ಬರೆದರೆ ಅದನ್ನು ಉಜ್ಜಿ ಅಳಿಸುವಂತಿಲ್ಲ. ತಪ್ಪಿನ ಮೇಲೆ ತನ್ನ ಸ್ವಂತ ಮೊಹರು ಒತ್ತಬೇಕು. ‘ಈ ತಪ್ಪು ನನ್ನದು’ ಎಂದು ಅದರ ಅರ್ಥ. ಕಚೇರಿಯ ದಫ್ತರಗಳಲ್ಲಿ ಇಂಥ ಕೆಂಪು ಮಚ್ಚೆ ಪುಟಕ್ಕೆ ನಾಲ್ಕು ಸಿಗುತ್ತಿದ್ದವು. ತಾಕ್‌ನ ಹನ್ನೊಂದು ಪುಸ್ತಕಗಳಲ್ಲಿ, ನಲವತ್ತೆಂಟು ವರ್ಷಗಳಲ್ಲಿ, ಒಂದೂ ಇರಲಿಲ್ಲ. ಬೇರೆಯವರು ಮೊಮ್ಮಕ್ಕಳ ಚಿತ್ರ ತೋರಿಸುವ ಹಾಗೆ ಅವನು ಅದನ್ನು ತೋರಿಸುತ್ತಿದ್ದ.

ಆಮೇಲೆ ಬ್ಯಾಂಕು ಮೊಹರನ್ನು ಫೋನಿನೊಳಕ್ಕೆ ತುರುಕಿತು. ಅದಕ್ಕೆ ಪ್ರಮಾಣಪತ್ರ ಎಂದು ಹೆಸರು. ಮುಟ್ಟಲು ಬರದು, ನೋಡಲು ಬರದು, ಅದಕ್ಕೆ ಹತ್ತಕ್ಷರದ ಪಾಸ್‌ವರ್ಡು ಬೇರೆ. ಮರದ ಮೊಹರು ಮೂರು ತಲೆಮಾರು ಬಾಳುತ್ತದೆ. ಇದರ ಆಯಸ್ಸು ಒಂದು ವರ್ಷ. ವರ್ಷ ತುಂಬುವ ಮೊದಲು ಹೊಸದು ಮಾಡಿಸದಿದ್ದರೆ ಸಾಯುತ್ತದೆ. ಫೋನು ಬದಲಾದರೆ ಇದನ್ನು ಹೊಸ ಫೋನಿಗೆ ದಾಟಿಸಬೇಕು. ಊರಿನ ಮುದುಕರಿಗೆ ಇದು ತಲೆಬುಡ ತಿಳಿಯಲಿಲ್ಲ. ಮೊಹರಿನ ಕೆಲಸವೆಂದರೆ ತಾಕ್‌ನ ಕೆಲಸ ಎಂದುಕೊಂಡು ಫೋನು ಹಿಡಿದು ಅವನಲ್ಲಿಗೇ ಬಂದರು. ತನ್ನ ಅನ್ನಕ್ಕೆ ಮಣ್ಣು ಹಾಕಿದ್ದನ್ನು ತನ್ನ ಕೈಯಿಂದಲೇ ತೊಳೆಸುತ್ತಿದ್ದಾರೆ ಎಂದು ಅವನು ಎರಡು ವರ್ಷ ಎಲ್ಲರನ್ನೂ ಓಡಿಸಿದ. ಒಂದು ಚಳಿಗಾಲ ಇಡೀ ತಿಂಗಳು ಒಂದು ಮೊಹರಿನ ಗಿರಾಕಿಯೂ ಬರಲಿಲ್ಲ. ಆ ತಿಂಗಳು ಮುಗಿದ ಮರುದಿನ ಬಾಗಿಲ ಮೇಲೆ ಎರಡನೆಯ ಹಲಗೆ ಬಂತು: ‘ಪ್ರಮಾಣಪತ್ರ ಹೊಸದು ಮಾಡುವುದು, ದಾಟಿಸುವುದು. ಐದು ಸಾವಿರ ವಾನ್.’ ಕೆಳಗೆ ದಪ್ಪಕ್ಷರದಲ್ಲಿ: ‘ಮಾಲೀಕನೇ ಬರಬೇಕು.’

ಬಂದ ಫೋನುಗಳನ್ನು ಅವನು ಬರಿಗೈಯಲ್ಲಿ ಮುಟ್ಟುತ್ತಿರಲಿಲ್ಲ. ಮೊದಲು ಸ್ಪಿರಿಟ್ಟಿನಲ್ಲಿ ಅದ್ದಿದ ಬಟ್ಟೆಯಿಂದ ಮೂರು ಸಲ ಒರೆಸಿ, ಆಮೇಲೆ ರಬ್ಬರ್ ಮೊನೆಯ ಕಡ್ಡಿಯಿಂದ ಒತ್ತುತ್ತಿದ್ದ. ಹಂದಿಮಾಂಸದವನ ಫೋನಿನ ಮೇಲೆ ಕೊಬ್ಬು ಹೆಪ್ಪುಗಟ್ಟಿರುತ್ತಿತ್ತು. ದೋಣಿ ರಿಪೇರಿಯವನು ‘ತಡೀರಿ, ಕ್ಲೀನಾಗಿ ಕೊಡ್ತೀನಿ’ ಎಂದು ಪರದೆಯ ಮೇಲೆ ಉಗಿದು ತೋಳಿನಿಂದ ಉಜ್ಜಿದ. ಒಬ್ಬ ಅಜ್ಜಿಯ ಫೋನಿನ ಸಂದಿಯಲ್ಲಿ ಕಿಮ್ಚಿ ಉಪ್ಪಿನಕಾಯಿಯ ಮೆಣಸಿನ ಪುಡಿ ಎಷ್ಟಿತ್ತೆಂದರೆ ಅದರಿಂದ ಒಂದು ಹಿಡಿ ಮೂಲಂಗಿ ಕಲಸಬಹುದಿತ್ತು.

ಹೊರಗಿನ ಕೊಳೆಯನ್ನಾದರೂ ಒರೆಸಬಹುದು. ಒಳಗಿನದನ್ನು ಒರೆಸುವ ಸ್ಪಿರಿಟ್ಟು ಯಾವ ಅಂಗಡಿಯಲ್ಲೂ ಇರಲಿಲ್ಲ. ಬ್ಯಾಂಕು ‘ಯಾರಿಗೂ ತೋರಿಸಬೇಡಿ’ ಎಂದು ಕೊಟ್ಟ ಗುಪ್ತ ಸಂಖ್ಯೆಗಳ ಕಾರ್ಡಿನ ಚಿತ್ರ ತೆಗೆದು ಅದೇ ಫೋನಿನಲ್ಲಿ ಇಟ್ಟಿರುತ್ತಿದ್ದರು. ಪಾಸ್‌ವರ್ಡನ್ನು ಮೀನುಗಾರರ ಸಂಘದ ಕ್ಯಾಲೆಂಡರಿನ ಮೇಲೆ ಬರೆದು, ಆ ಕ್ಯಾಲೆಂಡರನ್ನು ಬೀದಿಗೆ ಕಾಣುವ ಕಿಟಕಿಗೆ ತೂಗುಹಾಕುತ್ತಿದ್ದರು. ಐಸ್ ಕಾರ್ಖಾನೆಯವನು ಟೋಪಿಯ ಒಳಗೆ ಬರೆದಿದ್ದ. ಯಾರನ್ನು ಕಂಡರೂ ಟೋಪಿ ತೆಗೆದು ನಮಸ್ಕರಿಸುವ ಸಂಭಾವಿತ ಅವನು. ಇನ್ನು ಸೊಸೆಯರು ಮಾವನ ಫೋನು ತರುತ್ತಿದ್ದರು, ಅಳಿಯಂದಿರು ಅತ್ತೆಯದು ತರುತ್ತಿದ್ದರು. ‘ಅವ್ರೇ ಕಳ್ಸಿದ್ದು’ ಎನ್ನುತ್ತಿದ್ದರು. ತಾಕ್ ಹಲಗೆಯತ್ತ ಬೆರಳು ತೋರಿಸುತ್ತಿದ್ದ. ಸೊಂಟ ಮುರಿದು ಮಲಗಿದವರನ್ನೂ ಗಾಲಿಕುರ್ಚಿಯಲ್ಲಿ ತರಿಸಿಕೊಂಡ. ಕರುಣೆಯಿಲ್ಲದವನು ಎಂಬ ಹೆಸರು ಪಕ್ಕಾ ಆದದ್ದು ಆಗಲೇ.

ಫೆಬ್ರವರಿಯ ಒಂದು ಬೆಳಗ್ಗೆ, ಏಡಿಯ ಸುಗ್ಗಿ ಜೋರಾಗಿದ್ದ ಹೊತ್ತು. ಬಾಂಗ್ ಅಕ್ಕ ಅವನ ಮಧ್ಯಾಹ್ನದ ಶಾವಿಗೆಯ ಬಟ್ಟಲನ್ನು ಒಂದು ಗಂಟೆ ಮೊದಲೇ ತಂದಿಟ್ಟಳು. ಮೊದಲೇ ತಂದಳೆಂದರೆ ಸುದ್ದಿ ಇದೆ ಎಂದು ಲೆಕ್ಕ.

“ಬಂದ್ಲು ನೋಡಿ,” ಎಂದಳು ಗಾಜಿಗೆ ಮೂಗೊತ್ತಿ. “ಮಾ ಒಕ್‌ಸುನ್. ಬ್ಯಾಂಕಿಂದ ಬರ್ತಿದಾಳೆ. ಮುಖ ನೋಡಿದ್ರೇ ಗೊತ್ತಾಗುತ್ತೆ, ಅಲ್ಲಿ ಓಡಿಸಿದಾರೆ.”

“ಗಾಜಿಂದ ಮೂಗು ತೆಗಿ. ಈಗ ತಾನೆ ಒರೆಸಿದೀನಿ.”

“ಗಂಡ ಒಂಬತ್ತು ವರ್ಷದಿಂದ ಸಮುದ್ರದ ತಳದಲ್ಲಿದಾನೆ. ಅವನ ಖಾತೆ ಮಾತ್ರ ಇನ್ನೂ ಜೀವಂತ ಇಟ್ಕೊಂಡಿದಾಳಂತೆ. ಸುಮ್‌ಸುಮ್ನೆ ಯಾರಾದ್ರೂ ಇಟ್ಕೋತಾರಾ ಯಜಮಾನ್ರೇ? ತಿಂತಿದಾಳೆ. ಹೆಣದ ಬಾಯಿಂದ ಅಕ್ಕಿ ಕಿತ್ಕೊಂಡು ತಿನ್ನೋದು ಅಂದ್ರೆ ಇದೇ.”

ತಾಕ್ ಎದ್ದು ಗಾಜಿನ ಮೇಲಿನ ಮೂಗಿನ ಗುರುತು ಒರೆಸಿದ. ಆದರೆ ಅವನ ಅಭಿಪ್ರಾಯವೂ ಅದೇ. ಒಕ್‌ಸುನ್‌ಳ ಗಂಡ ಪ್ಯೋ ಜೊಂಗ್‌ದಾಲ್ ಸ್ಕ್ವಿಡ್ ಹಿಡಿಯುವ ದೋಣಿಯಲ್ಲಿ ಹೋದವನು ಮರಳಲಿಲ್ಲ. ದೋಣಿಯಲ್ಲಿದ್ದ ಆರು ಜನರಲ್ಲಿ ನಾಲ್ವರ ಹೆಣ ಸಿಕ್ಕಿತು. ಸಿಗದ ಇಬ್ಬರಲ್ಲಿ ಒಬ್ಬನ ಮನೆಯವರು ವರ್ಷ ಕಳೆದ ಮೇಲೆ ನ್ಯಾಯಾಲಯದಿಂದ ‘ಸತ್ತ’ ಎಂದು ಬರೆಸಿಕೊಂಡು ವಿಮೆ ಪಡೆದರು. ಇವಳು ಬರೆಸಲಿಲ್ಲ. ಮೀನುಗಾರರ ಸಂಘದವರು ಮೂರು ಸಲ ಅರ್ಜಿ ಹಿಡಿದು ಮನೆಗೆ ಹೋದರು; ಮೂರು ಸಲವೂ ಬಾರ್ಲಿ ನೀರು ಕುಡಿಸಿ ಖಾಲಿ ಅರ್ಜಿಯ ಜೊತೆ ವಾಪಸು ಕಳಿಸಿದಳು. ಇಂಥ ಹೆಂಗಸು ಒಂದೋ ದಡ್ಡಿ, ಇಲ್ಲವೇ ಕಳ್ಳಿ. ದಡ್ಡರು ಒಂಬತ್ತು ವರ್ಷ ಒಂದೇ ಪಟ್ಟು ಹಿಡಿಯುವುದಿಲ್ಲ ಎಂದು ತಾಕ್ ಎರಡನೆಯದನ್ನು ಆರಿಸಿಕೊಂಡಿದ್ದ.

ಅವಳು ಬಾಗಿಲು ತಳ್ಳಿ ಒಳಗೆ ಬಂದಳು. ಅರವತ್ತಾರು ವರ್ಷ, ಮೊಣಕಾಲುದ್ದದ ರಬ್ಬರ್ ಬೂಟು. ಏಡಿ ಬೇಯಿಸುವ ಕೊಪ್ಪರಿಗೆಯ ನಾತ ಅವಳಿಗಿಂತ ಮೊದಲು ಒಳಗೆ ಬಂದು ಕೂತಿತು. ಅವಳು ಪ್ಲಾಸ್ಟಿಕ್ ಚೀಲದಿಂದ ಎರಡು ಫೋನು ತೆಗೆದು ಮೇಜಿನ ಮೇಲಿಟ್ಟಳು. ಒಂದು ಹೊಸತು, ಅಗ್ಗದ್ದು. ಇನ್ನೊಂದು ಹಳೆಯದು, ಅದರೊಳಗಿನ ಬ್ಯಾಟರಿ ಊದಿ, ಸಿಟ್ಟಾದಾಗ ಉಬ್ಬಿಕೊಳ್ಳುವ ಬುಗ್ಗೆ ಮೀನಿನಂತೆ ಬೆನ್ನು ಬಿರಿದಿತ್ತು. ಅದರ ಮೈಮೇಲೆ ಒಣಗಿದ ಉಪ್ಪುನೀರಿನ ಬಿಳಿ ಚಕ್ಕೆ. ತಾಕ್ ಕುರ್ಚಿಯನ್ನು ಹಿಂದಕ್ಕೆ ಸರಿಸಿಕೊಂಡ.

“ಯಜಮಾನ್ರೇ, ಈ ಹಳೇದ್ರಲ್ಲಿರೋ ಪ್ರಮಾಣಪತ್ರ ಹೊಸದು ಮಾಡಿ, ಇದಕ್ಕೆ ದಾಟಿಸ್ಕೊಡ್ಬೇಕು.”

“ಯಾರದು?”

“ನಮ್ಮನೆಯವ್ರದು. ದೋಣಿ ಹತ್ತೋವಾಗ ಫೋನು ಮನೇಲೇ ಬಿಟ್ಟು ಹೋಗಿದ್ರು.”

“ಹಾಗಾದ್ರೆ ಮಾಲೀಕನ್ನ ಕರ್ಕೊಂಡು ಬನ್ನಿ.”

ಬಾಂಗ್ ಅಕ್ಕ ಮೂಗಿನಲ್ಲಿ ಸದ್ದು ಮಾಡಿದಳು. ಒಕ್‌ಸುನ್ ಅವಳತ್ತ ನೋಡಲಿಲ್ಲ.

“ಕರ್ಕೊಂಡು ಬರೋ ಹಾಗಿದ್ರೆ ನಿಮ್ಮ ಮೂತಿ ನೋಡೋಕೆ ಯಾಕೆ ಬರ್ತಿದ್ದೆ? ಎಂಟು ವರ್ಷ ಬ್ಯಾಂಕಲ್ಲಿ ಕಿಟಕಿ ಹತ್ರ ಒಬ್ಳು ಹುಡುಗಿ ಇದ್ಲು, ತೋರಿಸ್ಕೊಡ್ತಿದ್ಲು, ನಾನು ಒತ್ತುತಿದ್ದೆ. ಅವಳು ವರ್ಗವಾಗಿ ಹೋದ್ಲು. ಈಗಿನವನು ನಿಮ್ಮ ಥರದವನೇ. ಇವತ್ತು ರಾತ್ರಿಗೆ ಇದರ ಆಯಸ್ಸು ಮುಗಿಯುತ್ತೆ. ಮುಗಿದ್ಮೇಲೆ ಬೇಕಂದ್ರೆ ಅವ್ರೇ ಗುರುತಿನ ಚೀಟಿ ಹಿಡ್ಕೊಂಡು ಬರ್ಬೇಕಂತೆ.”

“ಮುಗೀಲಿ. ಮುಗೀಬೇಕಾದ್ದು ಎಂದೋ ಮುಗಿದಿದೆ.”

“ನಾಳಿದ್ದು ನಮ್ಮತ್ತೆಗೆ ತೊಂಬತ್ತು ತುಂಬುತ್ತೆ. ಅವತ್ತು ಅವ್ರ ಪಾಸ್‌ಬುಕ್ಕಲ್ಲಿ ಮಗನ ಹೆಸ್ರು ಬೀಳ್ಬೇಕು. ಪ್ರತಿ ತಿಂಗಳು ಒಂದನೇ ತಾರೀಖು ಬೀಳುತ್ತೆ, ಹುಟ್ಟಿದ ದಿನಾನೂ ಬೀಳುತ್ತೆ. ಅವ್ರನ್ನ ಇಟ್ಟಿರೋ ಮುದುಕರ ಆಸ್ಪತ್ರೆ ಕಾವಲಿನವನು ಪಾಸ್‌ಬುಕ್ಕನ್ನ ಬ್ಯಾಂಕಿನ ಮಿಶನ್ನಿಗೆ ಹಾಕಿಸ್ಕೊಂಡು ಬರ್ತಾನೆ. ಅದೊಂದು ಸಾಲು ಓದಿಸ್ಕೊಂಡ್ರೇನೇ ಅವ್ರು ಊಟ ಮಾಡೋದು.”

“ನಿಮ್ಮ ಹೆಸರಲ್ಲೇ ಕಳ್ಸಿ. ದುಡ್ಡಿಗೆ ಬಣ್ಣ ಇದೆಯಾ?”

“ನನ್ನ ಹೆಸರಲ್ಲಾ?” ಒಕ್‌ಸುನ್ ನಕ್ಕಳು, ನಗುವಿನಲ್ಲಿ ಮುಂದಿನ ಎರಡು ಹಲ್ಲು ಇರಲಿಲ್ಲ. “ನಾನು ಮಾಡಿದ ಗಂಜೀನೇ ನರ್ಸು ಮಾಡಿದ್ದು ಅಂತ ಸುಳ್ಳು ಹೇಳಿ ತಿನ್ನಿಸ್ತಾರೆ. ಮಗ ನನ್ನ ಮುಖ ನೋಡೋಕಾಗದೆ ದೂರದ ಟ್ಯೂನಾ ಹಡಗು ಹತ್ತಿದ ಅಂತ ನಂಬಿದಾರೆ. ಹೋದಾಗೆಲ್ಲ ಪಾಸ್‌ಬುಕ್ ಬಿಚ್ಚಿ ಮೂಗಿಗೆ ಹಿಡೀತಾರೆ. ‘ನೋಡೇ ಮಾರಿ, ನನ್ಮಗ ನಂಗೆ ಕಳಿಸ್ತಾನೆ. ನಿಂಗೆ ಕಳಿಸ್ತಾನಾ?’ ಅಂತ.”

“ನೀವೇನಂತೀರಿ?”

“ಇಲ್ಲ ಅತ್ತೆ, ನಂಗೆ ಕಳಿಸಲ್ಲ ಅಂತೀನಿ. ಸುಳ್ಳಲ್ವಲ್ಲ.”

ತಾಕ್ ಕುರ್ಚಿಯನ್ನು ಇನ್ನಷ್ಟು ಹಿಂದಕ್ಕೆ ಸರಿಸಿದ. ಸುಳ್ಳು ಅವನಿಗೆ ಹೊಸದಲ್ಲ. ಈ ಮೇಜಿನ ಮುಂದೆ ಬಿಕ್ಕಿಬಿಕ್ಕಿ ಅತ್ತ ಮಕ್ಕಳನ್ನು ಅವನು ನೋಡಿದ್ದ. ಆದರೆ ಮುದುಕಿಯೊಬ್ಬಳನ್ನು ಅಡ್ಡ ಹಿಡಿದುಕೊಂಡು ಸತ್ತವನ ಖಾತೆಗೆ ಕೈಹಾಕುವ ಈ ನಾಜೂಕು ಹೊಸದು. ಅತ್ತೆಗೆ ಹತ್ತು ಹೋದರೆ ಇವಳಿಗೆ ನೂರು ಬರುತ್ತಿರಬೇಕು. ಅವನು ಎದ್ದು ಕಪಾಟಿನಿಂದ ಮೂರನೆಯ ಅಚ್ಚುಪುಸ್ತಕ ತೆಗೆದ. ಪುಟ ಹುಡುಕಲು ಅರ್ಧ ನಿಮಿಷವೂ ಹಿಡಿಯಲಿಲ್ಲ. ಪುಸ್ತಕವನ್ನು ಅವಳತ್ತ ತಿರುಗಿಸಿ ತಳ್ಳಿದ.

ಅಚ್ಚು ಸ್ಪಷ್ಟವಾಗಿತ್ತು. ಪ್ಯೋ ಜೊಂಗ್‌ದಾಲ್. ದುಂಡನೆಯ ಚೌಕಟ್ಟು, ಸಾದಾ ಮರ. ಮದುವೆ ದಾಖಲಿಸಲೆಂದು ಮೂವತ್ತೆಂಟು ವರ್ಷದ ಹಿಂದೆ ಕೆತ್ತಿಸಿದ್ದು. ಅದರ ಮೇಲೆ ಅಡ್ಡಲಾಗಿ ಕೆಂಪು ಗೆರೆ.

“ನೋಡ್ಕೊಳ್ಳಿ. ದೋಣಿ ಮುಳುಗಿದ ಸುದ್ದಿ ಬಂದ ಸಂಜೆ ಎಳೆದದ್ದು. ನನ್ನ ಲೆಕ್ಕದಲ್ಲಿ ಅವನು ಒಂಬತ್ತು ವರ್ಷದ ಹಿಂದೆ ಹೋದ. ನಾನು ಹೆಣಕ್ಕೆ ಮೊಹರು ಮಾಡೋನಲ್ಲ.”

ಇಷ್ಟು ಹೇಳಿದ ಮೇಲೆ ಜನ ಸಾಮಾನ್ಯವಾಗಿ ಅಳುತ್ತಿದ್ದರು, ಇಲ್ಲವೇ ಕೂಗಾಡುತ್ತಿದ್ದರು. ಎರಡಕ್ಕೂ ಅವನು ಸಿದ್ಧನಾಗಿದ್ದ. ಒಕ್‌ಸುನ್ ಬಾಗಿ ಆ ಅಚ್ಚನ್ನು ನೋಡಿದಳು. ಕೈಯನ್ನು ಬಟ್ಟೆಗೆ ಒರೆಸಿಕೊಂಡಳು, ಆದರೆ ಪುಟವನ್ನು ಮುಟ್ಟಲಿಲ್ಲ.

“ಯಾರು ಹೇಳಿದ್ರು ನಿಮಗೆ?”

“ಊರೇ ಹೇಳ್ತು.”

“ಹೆಣ ನೋಡಿದ್ರಾ?”

“ಇಲ್ಲ.”

“ಕಚೇರಿಯೋರು ಬರೆದ್ರಾ?”

“ನೀವು ಬರೆಸ್ಲಿಲ್ವಲ್ಲ.”

“ಹೂಂ. ಅಂದ್ರೆ ಬಾಂಗ್ ಅಕ್ಕ ಹೇಳಿದ್ಲು, ನೀವು ಎಳೆದ್ರಿ.” ಅವಳು ನೆಟ್ಟಗೆ ನಿಂತಳು. “ಮಾಲೀಕನೇ ಬರಬೇಕು ಅಂತ ಬಾಗಿಲ ಮೇಲೆ ಇಷ್ಟಿಷ್ಟು ದಪ್ಪ ಬರೆದಿದೀರಲ್ಲ ಯಜಮಾನ್ರೇ. ಸೊಂಟ ಮುರಿದ ನಮ್ಮ ಪಕ್ಕದ್ಮನೆ ಅಜ್ಜನ್ನ ಮಂಜಲ್ಲಿ ಗಾಲಿ ಮೇಲೆ ಎಳೆಸ್ಕೊಂಡ್ರಲ್ಲ. ಈ ಗೆರೆ ಎಳೀವಾಗ ಮಾಲೀಕ ಬಂದಿದ್ನಾ?”

ಬಾಂಗ್ ಅಕ್ಕ “ಅಯ್ಯೋ, ನಾನ್ಯಾವಾಗ...” ಎಂದು ಶುರುಮಾಡಿ ನಿಲ್ಲಿಸಿದಳು. ಆ ಸಂಜೆ ಸುದ್ದಿ ತಂದವಳು ಅವಳೇ. ಆಗಲೂ ಕೈಯಲ್ಲಿ ಶಾವಿಗೆಯ ಬಟ್ಟಲಿತ್ತು.

ತಾಕ್ ಬಾಯಿ ತೆರೆದ. ಉತ್ತರ ಇತ್ತು, ಅವನಲ್ಲಿ ಯಾವಾಗಲೂ ಇರುತ್ತಿತ್ತು. ಒಂಬತ್ತು ವರ್ಷ, ಚಂಡಮಾರುತ, ನೀರಿನ ಕೊರೆಯುವ ಚಳಿ, ಇವೆಲ್ಲ ಉತ್ತರಗಳೇ. ಆದರೆ ಅವಳು ಕೇಳಿದ್ದು ಅದನ್ನಲ್ಲ. ಅವಳು ಕೇಳಿದ್ದಕ್ಕೆ ‘ಇಲ್ಲ’ ಎಂಬ ಒಂದೇ ಉತ್ತರವಿತ್ತು, ಅದನ್ನು ಹೇಳಿ ಅವನಿಗೆ ಅಭ್ಯಾಸವಿರಲಿಲ್ಲ. ಅವನು ಪುಸ್ತಕ ಮುಚ್ಚಿ ಪಕ್ಕಕ್ಕಿಟ್ಟ. ಗೋಡೆಯಲ್ಲಿದ್ದ ಚಾರ್ಜರಿನ ತಂತಿ ಎಳೆದು ಅವಳತ್ತ ಎಸೆದ.

“ಚುಚ್ಚಿ ಅದಕ್ಕೆ. ನಾನು ಮುಟ್ಟಲ್ಲ. ಒತ್ತೋದು ನೀವು. ನಾನು ಗೋಡೆ ನೋಡ್ಕೊಂಡು ಹೇಳ್ತೀನಿ, ಅಷ್ಟೇ.”

“ಅಷ್ಟೇ ಸಾಕು. ಮೊದ್ಲು ಹೊಸ ಫೋನಿಗೆ ದಾಟಿಸೋದಾ?”

“ಅಲ್ಲ! ಈ ಊರಲ್ಲಿ ಎಲ್ರೂ ಮಾಡೋದು ಅದೇ ತಪ್ಪು. ಮೊದ್ಲು ಇದರಲ್ಲೇ ಹೊಸದು ಮಾಡ್ಬೇಕು, ಆಮೇಲೆ ದಾಟಿಸ್ಬೇಕು. ಹಳೇದನ್ನ ದಾಟಿಸಿ ಆಮೇಲೆ ಹೊಸದು ಮಾಡಿದ್ರೆ ಆ ಫೋನಿಗೆ ಹೋಗಿರೋದು ಹೆಣ.”

ಅಂದ ಮೇಲೆ ಮಾತು ಎಲ್ಲಿ ಬಿತ್ತೆಂದು ಅವನಿಗೂ ಗೊತ್ತಾಯಿತು. ಹಿಂದಕ್ಕೆ ತೆಗೆದುಕೊಳ್ಳುವ ಜಾತಿಯವನಲ್ಲ, ಗೋಡೆಯತ್ತ ತಿರುಗಿದ. ಒಕ್‌ಸುನ್ ಕನ್ನಡಕ ಹಾಕಿಕೊಂಡಳು.

ಹಳೆಯ ಫೋನು ಎಚ್ಚರಗೊಳ್ಳಲು ಬಹಳ ಹೊತ್ತು ತೆಗೆದುಕೊಂಡಿತು. ಅವನು ಹೇಳಿದ, ಅವಳು ಒತ್ತಿದಳು. ಪಾಸ್‌ವರ್ಡು ಹಾಕಿ. ಹಾಕಿದಳು, ಎಲ್ಲೂ ನೋಡದೆ. ಅವಳು ಅದನ್ನು ಕ್ಯಾಲೆಂಡರಿನ ಮೇಲೂ ಬರೆದಿರಲಿಲ್ಲ, ಟೋಪಿಯೊಳಗೂ ಬರೆದಿರಲಿಲ್ಲ ಎಂದು ತಾಕ್ ಗೋಡೆ ನೋಡುತ್ತಲೇ ಗಮನಿಸಿದ. ಕಾರ್ಡಿನಲ್ಲಿ ಎಷ್ಟನೆಯ ಸಂಖ್ಯೆ ಕೇಳುತ್ತಿದೆ? ಹನ್ನೊಂದು, ಇಪ್ಪತ್ತೊಂಬತ್ತು. ಅವಳು ಎದೆಯ ಒಳಜೇಬಿನಿಂದ ಕಾರ್ಡು ತೆಗೆದು, ಬಾಂಗ್ ಅಕ್ಕನಿಗೆ ಕಾಣದಂತೆ ಅಂಗೈ ಮುಚ್ಚಿ ಓದಿಕೊಂಡಳು. ಆಮೇಲೆ ಗುರುತು ಖಾತ್ರಿಗೆ ಸಂದೇಶ ಬರಬೇಕಿತ್ತು. ಬಂತು, ಗಂಡನ ಸಂಖ್ಯೆಗೇ.

“ಈ ನಂಬರು ಇನ್ನೂ ನಡೀತಿದೆಯಾ?” ತಾಕ್ ಗೋಡೆಗೆ ಕೇಳಿದ.

“ತಿಂಗಳು ತಿಂಗಳು ಕಟ್ತೀನಿ. ಇಲ್ಲಾಂದ್ರೆ ಇದೆಲ್ಲ ಎಲ್ಲಿ ಬರುತ್ತೆ?”

“ಬಂತಲ್ಲ, ಸಂದೇಶ ಏನಂತೆ?” ಬಾಂಗ್ ಅಕ್ಕ ನೋಡಲೆಂದು ಬಗ್ಗಿದಳು. ಬಗ್ಗುವಾಗ ಅವಳ ಕಾಲು ತಂತಿಗೆ ಸಿಕ್ಕಿತು. ಚಾರ್ಜರು ಗೋಡೆಯಿಂದ ಕಳಚಿ ಬಿತ್ತು, ಫೋನಿನ ಪರದೆ ಕಪ್ಪಾಯಿತು.

ಒಕ್‌ಸುನ್ ಆ ಕಪ್ಪು ಪರದೆಯ ಮೇಲೆ ಎರಡೂ ಕೈ ಊರಿ ನಿಂತುಬಿಟ್ಟಳು, ಒಳಗಿನಿಂದ ಏನೋ ಹೊರಗೆ ಹೋಗದಂತೆ ತಡೆಯುವವಳ ಹಾಗೆ.

“ಕತ್ತೆ!” ಎಂದ ತಾಕ್. ಅದು ಬಾಂಗ್ ಅಕ್ಕನಿಗೆ. ಅವನು ತಾನೇ ಮೇಜಿನ ಕೆಳಗೆ ತೂರಿ ತಂತಿ ಚುಚ್ಚಿದ. ಎಪ್ಪತ್ತೊಂದರ ಮಂಡಿ ಸದ್ದು ಮಾಡಿತು. ಫೋನು ಸತ್ತೇ ಇತ್ತು. ಐದು ನಿಮಿಷ. ಹತ್ತು. ಶಾವಿಗೆಯ ಮೇಲೆ ಎಣ್ಣೆಯ ಕೆನೆ ಕಟ್ಟಿತು. ಹನ್ನೆರಡನೆಯ ನಿಮಿಷಕ್ಕೆ ಪರದೆಯ ನಡುವೆ ಒಂದು ಚುಕ್ಕೆ ಬೆಳಗಿತು.

“ಮೊದ್ಲಿಂದ,” ಎಂದ. ಈ ಸಲ ಗೋಡೆ ನೋಡಲು ಮರೆತಿದ್ದ. ಅವಳು ಪಾಸ್‌ವರ್ಡು ಒತ್ತುವಾಗ ಮಾತ್ರ ನೆನಪಾಗಿ ಮುಖ ತಿರುಗಿಸಿದ.

ಎರಡನೆಯ ಸಲ ಎಲ್ಲ ಸರಾಗವಾಗಿ ಹೋಯಿತು. ಪರದೆಯ ಮೇಲೆ ಬಂದ ಸಾಲನ್ನು ಒಕ್‌ಸುನ್ ಗಟ್ಟಿಯಾಗಿ ಓದಿದಳು: “ಪ್ಯೋ ಜೊಂಗ್‌ದಾಲ್ ಅವರೇ, ನಿಮ್ಮ ಪ್ರಮಾಣಪತ್ರ ಇನ್ನೊಂದು ವರ್ಷ ಚಾಲ್ತಿಯಲ್ಲಿರುತ್ತದೆ.” ಅವಳ ದನಿಯಲ್ಲಿ ಕಂಪನವಿರಲಿಲ್ಲ. ಕರೆಂಟಿನ ಬಿಲ್ಲು ಓದುವ ದನಿ.

ಉಳಿದದ್ದು ದಾಟಿಸುವುದು. ಹಳೆಯ ಫೋನು ಹನ್ನೆರಡು ಅಂಕೆಗಳನ್ನು ತೋರಿಸುತ್ತದೆ. ಮೂರು ನಿಮಿಷದೊಳಗೆ ಅವನ್ನು ಹೊಸ ಫೋನಿನಲ್ಲಿ ಒತ್ತಬೇಕು. ತಾಕ್ ಓದಿದ, ಅವಳು ಒತ್ತಿದಳು. ಹೊಸ ಫೋನು ಸುಮ್ಮನಿತ್ತು. ಮತ್ತೆ ಒತ್ತಿದಳು. ಬೆರಳನ್ನು ಬಟ್ಟೆಗೆ ಉಜ್ಜಿ ಮತ್ತೆ ಒತ್ತಿದಳು. ಪರದೆಗೆ ಅವಳ ಬೆರಳು ಬೆರಳೆಂದೇ ತಿಳಿಯಲಿಲ್ಲ. ದಿನಕ್ಕೆ ಹತ್ತು ಗಂಟೆ ಕುದಿಯುವ ಉಪ್ಪುನೀರಿನಲ್ಲಿ ಏಡಿ ತಿರುವಿ ತಿರುವಿ ಅವಳ ತುದಿಬೆರಳುಗಳ ಚರ್ಮ ಬಿಳಿಚಿ, ದಡ್ಡುಗಟ್ಟಿ, ಗೆರೆಯೊಂದೂ ಉಳಿಯದೆ ಬೆಂದ ಸಿಪ್ಪೆಯಾಗಿತ್ತು.

“ಹಳೇದು ನನ್ನ ಕೈ ಗುರುತು ಹಿಡೀತಿತ್ತು,” ಎಂದಳು. “ಇದು ಹಿಡೀತಿಲ್ಲ.”

“ಒಂದು ನಿಮಿಷ ಉಳಿದಿದೆ,” ಎಂದಳು ಬಾಂಗ್ ಅಕ್ಕ. ಅವಳ ದನಿಯೂ ಸಣ್ಣಗಾಗಿತ್ತು.

ರಬ್ಬರ್ ಮೊನೆಯ ಕಡ್ಡಿ ಪುಸ್ತಕದ ಕೆಳಗೆಲ್ಲೋ ಸೇರಿತ್ತು. ಸ್ಪಿರಿಟ್ಟಿನ ಸೀಸೆ ಕಪಾಟಿನ ಮೇಲಿತ್ತು. ತಾಕ್ ಎರಡನ್ನೂ ನೋಡಿದ. ಆಮೇಲೆ, ಏಡಿ ನೀರು ಮೆತ್ತಿದ್ದ ಫೋನನ್ನು ಅವಳ ಕೈಯಿಂದ ಕಿತ್ತುಕೊಂಡು ಬರಿಬೆರಳಲ್ಲಿ ಹನ್ನೆರಡು ಅಂಕೆ ಒತ್ತಿದ. ಮುಖ ಮಾತ್ರ ಕೊಳೆತ ಮೀನಿನ ಹೊಟ್ಟೆ ಸೀಳುವವನ ಮುಖದಂತಿತ್ತು. ಪ್ರಮಾಣಪತ್ರ ದಾಟಿತು.

“ತೆರೆಯುತ್ತಾ ಅಂತ ಒಂದ್ಸಲ ನೋಡಿ,” ಎಂದಳು ಒಕ್‌ಸುನ್. ಪಾಸ್‌ವರ್ಡನ್ನು ತಾನೇ ಒತ್ತಲು ಹೋಗಿ ಆಗದೆ, ಅವನ ಕಿವಿಗೆ ಬಾಗಿ ಹೇಳಿದಳು. ಬೇರೆಯವರ ಪಾಸ್‌ವರ್ಡು ಕೇಳಿಸಿಕೊಂಡದ್ದು ಅವನ ಬಾಳಿನಲ್ಲಿ ಅದೇ ಮೊದಲು. ಅದನ್ನು ಒತ್ತಿ ಖಾತೆ ತೆರೆದ.

ಸಾಲು ಸಾಲಾಗಿ ಬಂತು. ಫೆಬ್ರವರಿ ಒಂದು: ಮಾ ಒಕ್‌ಸುನ್‌ಳಿಂದ ಒಂದು ಲಕ್ಷ ವಾನ್ ಒಳಗೆ, ಅದೇ ದಿನ ತಾಯಿಯ ಖಾತೆಗೆ ಒಂದು ಲಕ್ಷ ಹೊರಗೆ. ಜನವರಿ ಒಂದು: ಒಳಗೆ ಒಂದು ಲಕ್ಷ, ಹೊರಗೆ ಒಂದು ಲಕ್ಷ. ಡಿಸೆಂಬರ್. ನವೆಂಬರ್. ಅವನು ಬೆರಳಿನಿಂದ ಕೆಳಗೆ ತಳ್ಳಿದ, ಇನ್ನೂ ತಳ್ಳಿದ. ಹಿಂದಿನ ವರ್ಷ, ಅದರ ಹಿಂದಿನದು. ಪ್ರತಿ ತಾರೀಖಿನ ಕೆಳಗೂ ಅದೇ ಜೋಡಿ. ಉಳಿದ ಹಣ ನಾಲ್ಕು ಸಾವಿರದ ಇನ್ನೂರ ಹತ್ತು ವಾನ್. ಒಂದು ಬಟ್ಟಲು ಶಾವಿಗೆಗೂ ಸಾಲದು. ಪ್ಯೋ ಜೊಂಗ್‌ದಾಲ್ ದೋಣಿ ಹತ್ತುವ ದಿನ ಖಾತೆಯಲ್ಲಿ ಬಿಟ್ಟುಹೋದದ್ದೇ ಅಷ್ಟು. ಅದನ್ನು ಯಾರೂ ಮುಟ್ಟಿರಲಿಲ್ಲ.

ಬಾಂಗ್ ಅಕ್ಕ ಅವನ ಭುಜದ ಮೇಲಿಂದ ಓದುತ್ತಿದ್ದಳು. ಅವಳ ಉಸಿರು ಅವನ ಕಿವಿಗೆ ತಾಗುತ್ತಿತ್ತು.

“ಅಂದ್ರೆ ಇವಳು ಏನೂ...” ಎಂದಳು.

“ಹೊರಗೆ ನಡಿ.”

“ಏನು?”

“ಬೋರ್ಡು ಓದು. ಮಾಲೀಕರಲ್ಲದವ್ರಿಗೆ ಇಲ್ಲಿ ಕೆಲಸ ಇಲ್ಲ. ನಿನ್ನ ಶಾವಿಗೇನೂ ತಗೊಂಡ್ಹೋಗು.”

ಅವಳು ಬಟ್ಟಲೆತ್ತಿಕೊಂಡು ಹೋದಳು. ಬಾಗಿಲು ದಾಟುವಾಗ “ಶಾವಿಗೆ ದುಡ್ಡು ಯಾರು ಕೊಡ್ತಾರೆ?” ಎಂದು ಕೇಳಲು ಮರೆಯಲಿಲ್ಲ.

ತಾಕ್ ಹೊಸ ಫೋನನ್ನು ಮೇಜಿನ ಮೇಲೆ ಜಾರಿಸಿದ. ಒಕ್‌ಸುನ್ ಎರಡನ್ನೂ ಚೀಲಕ್ಕೆ ಹಾಕಿಕೊಂಡು ಐದು ಸಾವಿರದ ನೋಟು ತೆಗೆದಳು. ನೋಟು ಒದ್ದೆಯಾಗಿತ್ತು. ಬೇಡ ಎನ್ನುತ್ತಾನೇನೋ ಎಂದು ನೀವು ಕಾದರೆ, ಅವನು ಅಂಥವನಲ್ಲ. ಚಿಮಟದ ತುದಿಯಲ್ಲಿ ನೋಟು ಹಿಡಿದು ಸ್ಟವ್ವಿನ ಪಕ್ಕ ಒಣಗಲು ಇಟ್ಟ.

“ಆ ಊದಿದ ಫೋನನ್ನ ಮನೇಲಿಟ್ಕೋಬೇಡಿ,” ಎಂದ. “ಯಾವತ್ತಾದ್ರೂ ಬೆಂಕಿ ಹತ್ಕೊಳ್ಳುತ್ತೆ.”

“ಬಾವಿಕಟ್ಟೆ ಮೇಲಿಡ್ತೀನಿ.”

“ಬೆರಳಿಗೆ ರಬ್ಬರ್ ಮೊನೆ ಕಡ್ಡಿ ತಗೊಳ್ಳಿ. ಸಾವಿರಕ್ಕೆ ಸಿಗುತ್ತೆ. ಮುಂದಿನ ವರ್ಷ ಮೂವತ್ತು ದಿನ ಮೊದ್ಲೇ ಬನ್ನಿ. ಕೊನೇ ದಿನ ಬಂದ್ರೆ ನಾನು ಬಾಗಿಲು ತೆಗೆಯಲ್ಲ.”

ಒಕ್‌ಸುನ್ ಅವನ ಮುಖವನ್ನೊಮ್ಮೆ ನೋಡಿದಳು, ತೂಕದಲ್ಲಿ ಮೋಸವಿದೆಯೇ ಎಂದು ತಕ್ಕಡಿಯನ್ನು ನೋಡುವ ಹಾಗೆ. “ಮಾಲೀಕ ಬರ್ದಿದ್ರೂ?” ಎಂದಳು.

ಅವನು ಸ್ಟವ್ವಿನ ಪಕ್ಕದ ನೋಟನ್ನು ಚಿಮಟದಿಂದ ಮಗುಚಿ ಹಾಕಿದ. ಅವಳ ಬೂಟಿನ ಸದ್ದು ರಸ್ತೆ ದಾಟಿತು. ಕಚೇರಿಯ ಮುಂದೆ ಹೋಗುವಾಗ ಅವಳ ನಡಿಗೆ ಬಿರುಸಾಯಿತು. ಕೊಪ್ಪರಿಗೆ ಬಿಟ್ಟು ಬಂದು ಎರಡು ಗಂಟೆಯಾಗಿರಬೇಕು, ಅಷ್ಟರ ಕೂಲಿ ಕಡಿದಿರುತ್ತಾರೆ.

ತಾಕ್ ಕಪಾಟಿನ ಮೇಲಿನಿಂದ ಸ್ಪಿರಿಟ್ಟಿನ ಸೀಸೆ ಇಳಿಸಿದ. ಮೇಜು ಒರೆಸಿದ, ಚಾರ್ಜರು ಒರೆಸಿದ, ಅವಳು ಮುಟ್ಟಿದ ಬಾಗಿಲ ಹಿಡಿಯನ್ನೂ ಒರೆಸಿದ. ಬೆರಳುಗಳನ್ನು ಒಂದೊಂದಾಗಿ ತಿಕ್ಕಿದ. ಏಡಿಯ ನಾತ ಹೋಗಲಿಲ್ಲ. ಆಮೇಲೆ ಮೂರನೆಯ ಪುಸ್ತಕವನ್ನು ಮುಂದಕ್ಕೆಳೆದು, ಅದೇ ಪುಟ ಬಿಚ್ಚಿದ. ಮೇಜಿನ ಖಾನೆಯ ಹಿಂಭಾಗದಿಂದ ತನ್ನ ಸ್ವಂತ ಮೊಹರು ತೆಗೆದ. ಅಪ್ಪ ಕೆತ್ತಿಕೊಟ್ಟದ್ದು, ನಿಜವಾಗಿ ಸಿಡಿಲು ಹೊಡೆದ ಎಲಚಿ ಮರದ್ದು. ಅದರ ಮುಖವನ್ನು ಶಾಯಿಯ ದಿಂಬಿಗೆ ಎರಡು ಸಲ ಮುಟ್ಟಿಸಿ, ಕನ್ನಡಕ ಸರಿಪಡಿಸಿಕೊಂಡು, ಪ್ಯೋ ಜೊಂಗ್‌ದಾಲ್‌ನ ಹೆಸರಿನ ಮೇಲಿದ್ದ ಕೆಂಪು ಗೆರೆಯ ಮೇಲೆ ನೇರವಾಗಿ ಒತ್ತಿದ.